ಆಲಮೇಲದ ಬುವಾನ ಹಾಡುಗಳು

ಹಾರ್ಮೋನಿಯಂ ಮುಂದೆ ಕೂತಾಗ ನಮ್ಮ ಸಂಗೀತದ ಸರ್ ಅವರ ಬೆರಳುಗಳಿಗಿಂತ ಬಲಗಾಲಿನ ಹೆಬ್ಬೆರಳೇ ಹೆಚ್ಚು ಓಡಾಡುತ್ತಿತ್ತು. ಎಷ್ಟೇ ನಿಧಾನದ ಹಾಡಿರಲಿ, ಆ ಹೆಬ್ಬೆರಳಿಗೆ ಬಸ್ಸು ತಪ್ಪುವ ಅವಸರ. ಸರ್ ಕೂಡ ಹಾಗೇ, ಕೂತಲ್ಲಿ ಕೂರುವವರಲ್ಲ. ಇಂಡಿಯಲ್ಲಿ ಪಾಠ ಮುಗಿಸಿ ಸಿಂದಗಿ ಬಸ್ಸು ಹತ್ತಿದರೆ, ಇಳಿಯುವ ಮೊದಲೇ ಮುದ್ದೇಬಿಹಾಳಕ್ಕೆ ಫೋನು.

ಮಳೆಗಾಲದಿಂದ ದೀಪಾವಳಿಯ ತನಕ ತಿಂಗಳಿಗೊಂದು ಹಾಡಿನ ಬೈಠಕ್ ನಡೆಸುತ್ತಿದ್ದರು. ಸರದಿಯ ಮೇಲೆ ನಮ್ಮ ನಾಲ್ಕು ಊರು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಯಾರದೋ ಮನೆಯ ಪಡಸಾಲೆ, ಮೂವತ್ತು ಮಂದಿ, ಮೈಕಿಲ್ಲ. ಒಂದು ಸಲ ಬರೀ ಮಳೆಯ ಹಾಡುಗಳು, ಇನ್ನೊಂದು ಸಲ ಬರೀ ತವರಿನವು. ಹಾಡುವ ಮೊದಲು ಅದನ್ನು ಕಟ್ಟಿದವರ ಹೆಸರು ಹೇಳಲೇಬೇಕು. ಮರೆತರೆ ಎಲ್ಲರೆದುರಿಗೇ ಬೈಗುಳ: "ಉಂಡು ಕೈ ತೊಳಕೊಂಡು ಹೋದ್ರ ಆತೇನು? ಅಡಗಿ ಮಾಡಿದಾಕಿ ಯಾರು ಅಂತ ಕೇಳಬ್ಯಾಡೇನು?"

ನಾನು ಅವರ ಹತ್ತಿರ ಹೋದಾಗ ಇಬ್ಬರು ಮಕ್ಕಳ ತಾಯಿ, ಅಂಗನವಾಡಿ ಟೀಚರು. ಈ ವಯಸ್ಸಿನಲ್ಲಿ ಎಂಥ ಸಂಗೀತ ಎಂದು ನಮ್ಮ ಮನೆಯಲ್ಲೇ ನಕ್ಕರು. ಸರ್ ನಗಲಿಲ್ಲ. "ದನಿ ಐತಿ. ನಾಳಿಂದ ಬಾ" ಎಂದರು, ಅಷ್ಟೇ.

ಆಲಮೇಲದಲ್ಲಿ ಹಿಂದೆ ಒಬ್ಬ ಬುವಾ ಇದ್ದರು, ದೊಡ್ಡ ಗವಾಯಿ, ಅವರು ಕಟ್ಟಿದ ಹಾಡುಗಳಿವು ಎಂದು ಹತ್ತು ಹನ್ನೆರಡು ಹಾಡು ಕಲಿಸಿದರು. ಆದರೆ ವಾರವಾರಕ್ಕೂ ಸಾಲು ಬದಲಾಗುತ್ತಿತ್ತು. ಕಲಿತದ್ದೆಲ್ಲ ನೀರುಪಾಲು! ಒಂದು ದಿನ ನನಗೆ ರೇಗಿಹೋಯಿತು.

"ಸರ್, ಸತ್ತ ಬುವಾನ ಹಾಡು ನೀವ್ಯಾಕ ತಿದ್ದತೀರಿ?"

ಹೆಬ್ಬೆರಳು ನಿಂತಿತು.

"ಯಾವ ಬುವಾನೂ ಇದ್ದಿಲ್ಲ ತಂಗಿ. ಎಲ್ಲಾ ನಾ ಮಾಡಿದ್ದು" ಎಂದರು.

ಸಿಂದಗಿಯಲ್ಲಿ ಒಮ್ಮೆ, ಇದು ನನ್ನದೇ ಹಾಡು ಎಂದು ಶುರುಮಾಡಿದ್ದರಂತೆ. ಅರ್ಧ ಮಂದಿ ಚಹಾಕ್ಕೆ ಎದ್ದರಂತೆ. ಮುಂದಿನ ತಿಂಗಳು ಮುದ್ದೇಬಿಹಾಳದಲ್ಲಿ ಅದೇ ಹಾಡನ್ನು ಇಲ್ಲದ ಬುವಾನ ಹೆಸರಿನಲ್ಲಿ ಹಾಡಿದರು. ಒಬ್ಬರೂ ಅಲುಗಲಿಲ್ಲ, ಕೆಲವರು ಕಣ್ಣೊರೆಸಿಕೊಂಡರು. ಮರುವರ್ಷ ಬುವಾನ ಹಾಡುಗಳದೇ ಒಂದು ಬೈಠಕ್ ಆಯಿತು. ಹಾರ ಹಾಕಲು ಫೋಟೋ ಕೇಳಿದವರಿಗೆ ಈ ಭೂಪ, "ಬುವಾಗ ಫೋಟೋ ಅಂದ್ರ ಆಗಿ ಬರ್ತಿದ್ದಿಲ್ರಿ" ಎಂದಿದ್ದರಂತೆ!

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

"ಮಂದಿ ಬುವಾನ್ನ ಹೊಗಳಿದಾಗೆಲ್ಲ ನನಗ ಹೊಟ್ಟ್ಯಾಗ ಉರೀತೈತಿ. ಈಗ ಖರೆ ಹೇಳಿದ್ರ ಕಳ್ಳ ಅಂತಾರ. ನಾ ಹೋದ ಮ್ಯಾಲ ನೀ ಹೇಳು. ಮರೀಬ್ಯಾಡ."

ಮಾತು ಕೊಟ್ಟೆ.

ಈ ವರ್ಷ, ಮೊದಲ ಬೈಠಕ್ಕಿಗೆ ಇನ್ನೊಂದು ವಾರವಿದ್ದಾಗ, ಸರ್ ನಿಡಗುಂದಿಯಲ್ಲಿ ಬಸ್ಸಿಗೆ ನಿಂತಲ್ಲೇ ಕುಸಿದು ತೀರಿಕೊಂಡುಬಿಟ್ಟರು. ಬೈಠಕ್ ನಿಲ್ಲಿಸುವುದು ಬೇಡ ಎಂದರು ಎಲ್ಲರೂ. ಇಂಡಿಯಲ್ಲಿ ನಾನು ಹಾಡಬೇಕು. ಹಾಡುವ ಮೊದಲು ಮಂದಿಯ ಕಡೆ ತಿರುಗಿದೆ.

"ಈ ಹಾಡು ಆಲಮೇಲದ ಬುವಾಂದಲ್ರಿ. ಅಂಥಾ ಬುವಾ ಯಾರೂ ಇದ್ದಿಲ್ರಿ. ಎಲ್ಲಾ ನಮ್ಮ ಸರ್ ಕಟ್ಟಿದ್ದು" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮುಂದೆ ಕೂತಿದ್ದ ಮುದುಕರೊಬ್ಬರು ಕೋಲೂರಿ ಎದ್ದರು.

"ಗುರುವಿನ ಮ್ಯಾಲ ಪ್ರೀತಿ ಇರ್ಲಿ ಯವ್ವಾ, ಸುಳ್ಳು ಹೇಳಬ್ಯಾಡ. ಆ ಬುವಾ ಹಾಡೂದನ್ನ ನಮ್ಮಪ್ಪ ಆಲಮೇಲದಾಗ ಎದುರಿಗೆ ಕುಂತು ಕೇಳ್ಯಾನ!"

ಪಡಸಾಲೆ ತುಂಬ "ಹೌದ್ಹೌದು" ಎಂಬ ದನಿಗಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅದೇ ಸಿಟ್ಟಿನಲ್ಲೇ ಹಾಡಿದೆ. ಮುಗಿದ ಮೇಲೆ ಆ ಮುದುಕರು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಬುವಾನ ಹೆಸರು ಉಳಿಸಿದಿ ನೋಡು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಬರುವ ತಿಂಗಳ ಬೈಠಕ್ ಬಾಗೇವಾಡಿಯಲ್ಲಿದೆ. ಅಲ್ಲಿಯೂ ನಮ್ಮ ಸರ್ ಹೆಸರೇ ಹೇಳುತ್ತೇನೆ. ನಂಬದಿದ್ದರೆ ಜಗಳವಾಡುತ್ತೇನೆ. ಆಮೇಲೆ ಹಾಡುತ್ತೇನೆ.