ಅಣ್ಣನ ಹೊಟ್ಟೆಯ ತುಪ್ಪ

ಕಳೆದ ವರ್ಷ ಮಾಘದಲ್ಲಿ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ದೇವದುರ್ಗದ ಅಣ್ಣನ ಮನೆಯ ಅಂಗಳದಲ್ಲಿ, ಮಾಳಿಗೆಗೆ ಹೋಗುವ ಕಲ್ಲಿನ ಮೆಟ್ಟಿಲ ಬುಡದಲ್ಲಿ ನಾನು ನಿಂತಿದ್ದೆ. ಎಡಗೈ ಗೋಡೆಯ ಮೇಲಿತ್ತು. ಅಣ್ಣ ಮೆಣಸಿನಕಾಯಿಯ ಬುಟ್ಟಿ ಹೊತ್ತು ನಿಲ್ಲದೆ ಮೇಲೆ ಹೋದದ್ದನ್ನೂ, ಸ್ವಲ್ಪ ಹೊತ್ತಿನ ಮೇಲೆ ಅದೇ ಮೆಟ್ಟಿಲು ಇಳಿಯಲಾರದೆ ಕೂತದ್ದನ್ನೂ ಅಲ್ಲಿಂದಲೇ ನೋಡಿದೆ. ನಡುವೆ ಬಂದದ್ದು ಒಂದು ಫೋನು ಮಾತ್ರ.

ನಮ್ಮಿಬ್ಬರಿಗೂ ಹೃದಯಾಘಾತ ಆಗಿತ್ತು. ಮೊದಲು ಅವನಿಗೆ, ಮರುವರ್ಷ ನನಗೆ. ಸತ್ತುಹೋದ ಭಾಗ ಮತ್ತೆ ಬರುವುದಿಲ್ಲ, ಗುಳಿಗೆ ನುಂಗುತ್ತ ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ರಾಯಚೂರಿನ ಡಾಕ್ಟರು ಇಬ್ಬರಿಗೂ ಹೇಳಿದ್ದರು. ಮಾನ್ವಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಮಷೀನು ತುಳಿಯುವುದೂ ನನಗೆ ಕಷ್ಟವಾಗಿತ್ತು. ಅಂಥ ದಿನಗಳಲ್ಲೇ ಆ ಡಾಕ್ಟರು ಹೈದರಾಬಾದಿನ ಒಂದು ಆಸ್ಪತ್ರೆಯ ಪ್ರಯೋಗದ ಸುದ್ದಿ ಹೇಳಿದರು. ಹೊಟ್ಟೆಯ ಕೊಬ್ಬನ್ನು ಸೂಜಿಯಿಂದ ಎಳೆದು, ಅದರೊಳಗಿನ ಕಾಂಡಕೋಶಗಳನ್ನು ಬೇರೆ ಮಾಡಿ ಬೆಳೆಸಿ, ಹೃದಯದ ಸೋತ ಜಾಗಕ್ಕೆ ಬಿಡುತ್ತಾರಂತೆ. ಖಾತ್ರಿ ಏನೂ ಇಲ್ಲ. ಕೊಬ್ಬನ್ನು ಎಲ್ಲರಿಂದಲೂ ತೆಗೆಯುತ್ತಾರೆ, ಆದರೆ ಕೆಲವರಿಗೆ ಕೋಶ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಪ್ರಯೋಗ ಮುಗಿಯುವವರೆಗೆ ಹೇಳುವುದಿಲ್ಲ.

ಅವ್ವನನ್ನು ಕರೆದುಕೊಂಡು ಇಬ್ಬರೂ ಹೋದೆವು. ಅಲ್ಲಿಯ ಡಾಕ್ಟರು ಅಣ್ಣನ ಹೊಟ್ಟೆಯನ್ನು ಹಿಡಿದು ನೋಡಿ ಆಗಬಹುದು ಎಂದು ತಲೆಯಾಡಿಸಿದರು. ನನ್ನದನ್ನು ಎರಡು ಬೆರಳಲ್ಲಿ ಹಿಡಿದರು. ಬರೀ ಚರ್ಮ ಬಂತು. ಇಲ್ಲಿ ತೆಗೆಯುವುದಕ್ಕೆ ಏನೂ ಇಲ್ಲ ಎಂದು ಅಂಗಿ ಇಳಿಸಿದರು.

"ದೊಡ್ಡವನದು ಬೇಕಾದಷ್ಟು ಅದರೀ ಸಾಹೇಬ್ರ," ಎಂದಳು ಅವ್ವ. "ಅದರಾಗ ಸಣ್ಣವನಿಗೂ ಒಂದಿಷ್ಟು ಹಾಕ್ರಲ್ಲ. ಒಂದ ಹೊಟ್ಟ್ಯಾಗ ಹುಟ್ಟ್ಯಾರ."

ಈ ಪ್ರಯೋಗದಲ್ಲಿ ಅವರವರದು ಅವರವರಿಗೇ ಎಂದು ಡಾಕ್ಟರು ನಕ್ಕರು.

ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕೆ ತಿವಿದ. "ಸಣ್ಣವನಿದ್ದಾಗಿಂದ ಬಡಕೊಂಡೆ, ತಿನ್ನಲೇ ಅಂತ. ಈಗ ನೋಡು, ಆಸ್ಪತ್ರ್ಯಾಗ ಸುದ್ದಾ ನಿನ್ನ ಹೊಟ್ಟಿಗೆ ಕಿಮ್ಮತ್ತಿಲ್ಲ."

ನಾನು ಕಿಟಕಿಯ ಹೊರಗೆ ನೋಡಿದೆ. ಅವನು ತಿಂದದ್ದು ನನಗೆ ಗೊತ್ತಿತ್ತು. ಅವ್ವ ಬೆಣ್ಣೆ ಕಾಸಿ ತುಪ್ಪ ಸೋಸಿದ ಮೇಲೆ ಬೋಗುಣಿಯ ತಳದಲ್ಲಿ ಉಳಿಯುವುದಕ್ಕೆ ಬೆಲ್ಲ ಹಾಕಿ, ಬಿಸಿ ರೊಟ್ಟಿಯ ಜೊತೆ ಅಣ್ಣನ ಮುಂದೆ ಇಡುತ್ತಿದ್ದಳು. ನಾನು ಕೈಚಾಚಿದರೆ, "ನಿನಗ ದಕ್ಕಂಗಿಲ್ಲ, ಹೊಟ್ಟಿ ಕೆಡ್ತದ" ಎನ್ನುತ್ತಿದ್ದಳು. ನಿಜವಾಗಿಯೂ ಕೆಡುತ್ತಿತ್ತು. ಆದರೂ ಆ ಬೋಗುಣಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಣ್ಣನ ಪ್ಯಾಂಟುಗಳನ್ನೆಲ್ಲ ಹೊಲಿದವನು ನಾನೇ. ಪ್ರತಿ ಸಲ ಸೊಂಟ ಬಿಡಿಸುವಾಗಲೂ ಟೇಪಿನೊಳಗೆ ಇರುವುದು ನನ್ನ ಪಾಲಿನದೂ ಹೌದು ಅನ್ನಿಸುತ್ತಿತ್ತು.

ಅಣ್ಣನಿಗೆ ಪ್ರಯೋಗ ಆಯಿತು. ಕೆಲವು ವಾರ ಕಳೆಯುವುದರೊಳಗೆ ಅವನು ಬದಲಾದ. ಮಾನ್ವಿಗೆ ಬಂದವನು ಬಸ್‌ಸ್ಟ್ಯಾಂಡಿನಿಂದ ನನ್ನ ಅಂಗಡಿಯವರೆಗೆ ನಡೆದೇ ಬಂದ. ಮೊದಲು ಆಟೋ ಇಲ್ಲದೆ ಬರುತ್ತಿರಲಿಲ್ಲ. "ಎದ್ಯಾಗ ಹೊಸಾ ಮೋಟ್ರು ಕುಂದ್ರಿಸಿದಂಗ ಆಗ್ಯಾದಲೇ" ಎಂದ. ನಾನು ಚಹಾ ತರಿಸಿದೆ. ಅವನು ಕುಡಿಯುವಾಗ ಏದುಸಿರೇನಾದರೂ ಇದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇರಲಿಲ್ಲ. ಅವನಿಗೆ ಬಿದ್ದದ್ದು ಉಪ್ಪುನೀರೇ ಆಗಿರಲಿ ಎಂದು ಮನಸ್ಸು ಹೇಳಿತು. ಅವನು ಹೋದ ಮೇಲೂ ಅದನ್ನೇ ಹೇಳುತ್ತಿತ್ತು.

ಆ ಸೋಮವಾರ ಫೋನು ಬಂದಾಗ ಅಣ್ಣ ಮಾಳಿಗೆಯ ಅಂಚಿನಲ್ಲಿ ನಿಂತಿದ್ದ. ಅತ್ತಿಗೆ ಅಲ್ಲೇ ಮೆಣಸಿನಕಾಯಿ ಹರವುತ್ತಿದ್ದಳು. ಅವ್ವ ಕೆಳಗೆ ಹೊಸ್ತಿಲ ಮೇಲೆ ಕೂತಿದ್ದಳು. ಅಣ್ಣ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವನು. ಹಾಗಾಗಿ ಆಸ್ಪತ್ರೆಯ ಹೆಣ್ಣುಮಗಳ ಮಾತು ಅಂಗಳದವರೆಗೂ ಕೇಳಿಸಿತು. ಪ್ರಯೋಗ ಮುಗಿದಿದೆ, ನಿಮಗೆ ಕೊಟ್ಟದ್ದು ಉಪ್ಪುನೀರು ಎಂದಳು.

ಅಣ್ಣ ಮೆಟ್ಟಿಲಿಗೆ ಬಂದ. ಎರಡು ಮೆಟ್ಟಿಲು ಇಳಿದು ಗೋಡೆ ಹಿಡಿದ. ಇನ್ನೊಂದು ಇಳಿದ. ತಿರುವಿನಲ್ಲಿ ಕೂತುಬಿಟ್ಟ. ಮುಖದಲ್ಲಿ ಬೆವರಿತ್ತು. ನಾನು ನಡುವೆ ನಿಂತು ಉಸಿರು ತೆಗೆದುಕೊಂಡು ಹತ್ತಿ, ಅವನ ಪಕ್ಕ ಕೂತೆ.

"ಉಪ್ಪುನೀರಂತಲೇ ತಮ್ಮಾ."

"ಕೇಳಿಸ್ತು."

"ಹಂಗಾರ ಇಷ್ಟು ದಿನ ನಾ ಹತ್ತಿದ್ದು ಯಾತರ ಮ್ಯಾಲಲೇ?"

ನಾನು ಬೇಡಿದ್ದೇ ಆಗಿತ್ತು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ಇವನು ಉಪ್ಪುನೀರಿನ ಮೇಲಾದರೂ ಇಷ್ಟು ದಿನ ಮೆಟ್ಟಿಲು ಹತ್ತಿದ, ನನಗೆ ಅದನ್ನಾದರೂ ಯಾರು ಕೊಟ್ಟರು ಅನ್ನಿಸಿತು.

ಕೆಳಗಿನಿಂದ ಅವ್ವ ಕೂಗಿದಳು. "ಲೇ ದೊಡ್ಡವ್ನ, ಹಂಗಾರ ನಿನ್ನ ಹೊಟ್ಟ್ಯಾಗಿಂದ ತಗದಿದ್ದು ಅಲ್ಲೇ ಉಳದದಲ್ಲ! ಅದನ್ನ ಸಣ್ಣವನಿಗೆ ಹಾಕ್ರಿ ಅನ್ನು."

"ಅವನಿಗೆ ದಕ್ಕಂಗಿಲ್ಲ ಅಂತಿದ್ದೆಲ್ಲ ಯವ್ವಾ."

"ಈಗ ದಕ್ಕತದ. ಫೋನ್ ಹಚ್ಚು ನೀ."

ತಮಾಷೆ ಎಂದುಕೊಂಡೆ. ಅಣ್ಣ ನಿಜವಾಗಿಯೂ ಹಚ್ಚಿದ. ಗೋಡೆ ಹಿಡಿದು ಎದ್ದು ನಿಂತ. "ಮೇಡಂ, ನಂದು ನಿಮ್ಮಲ್ಲೇ ಅದಲ್ಲ, ನಮ್ಮ ತಮ್ಮಗ ಕೊಡಾಕ ಬರ್ತದೇನ್ರಿ? ಬಾಳ ಸೊರಗ್ಯಾನ್ರಿ."

ಬರುವುದಿಲ್ಲ ಎಂದಳು. ಅವನು ಇನ್ನೊಮ್ಮೆ ಕೇಳಿದ. ಬರುವುದಿಲ್ಲ.

ನಾನಾಗಿದ್ದರೆ ಮೊದಲ ಸಲವೂ ಕೇಳುತ್ತಿರಲಿಲ್ಲ. ಹಾಗೆ ಕೇಳಬಲ್ಲ ಎದೆಯೂ ಅವನಿಗೇ ಬಂದಿದೆ ಎಂದು, ಅವನ ಕಾಲ ಬಳಿ ಕೂತು, ಮತ್ತೆ ಕರುಬಿದೆ.

ಅವ್ವ ಈ ಮಳೆಗಾಲದಲ್ಲಿ ಹೋದಳು. ಆ ಸೋಮವಾರ ನಡೆದದ್ದನ್ನು ಕಂಡವರಲ್ಲಿ ನನ್ನ ಹೊರತು ಈಗ ಅತ್ತಿಗೆ ಇದ್ದಾಳೆ. ಮಾಳಿಗೆಯ ಅಂಚಿನಿಂದ ಬಗ್ಗಿ ಎಲ್ಲವನ್ನೂ ನೋಡಿದವಳು. ಅಣ್ಣನೂ ಇದ್ದಾನೆ, ಈಗ ಮೆಟ್ಟಿಲ ತಿರುವಿನಲ್ಲಿ ಕೂತು ಸುಧಾರಿಸಿಕೊಂಡು ಮಾಳಿಗೆಗೆ ಹೋಗುತ್ತಾನೆ.