ಅರ್ಜಿಯಲ್ಲಿ ದೊಡ್ಡಪ್ಪನ ಹೆಸರು

"ಚನ್ನಬಸಮ್ಮ ಆಂಟಿ ಇರೋ ಮನೆ ಅವರದಾ, ಅಂಕಲ್‌ದಾ?" ಕಾರಿನ ಹಿಂದಿನ ಸೀಟಿನಿಂದ ಮಗಳು ಸ್ಪಂದನಾ ತನ್ನ ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು. ಇಬ್ಬರದೂ ಅಂದೆ. ಆರು ವರ್ಷದವಳಿಗೆ ಅಷ್ಟು ಸಾಕಾಯಿತು. ಇಲ್ಲಿ ಇನ್ನಷ್ಟು ಬರೆಯಬೇಕು.

ಚನ್ನಬಸಮ್ಮನವರು ಗದಗದ ಕಡೆಯವರು. ಸ್ಪಂದನಾಳ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಾರೆ. ಮಗ ವಿನಯ ಹುಟ್ಟಿದ್ದು ಇಲ್ಲೇ, ಈ ಹೊರದೇಶದಲ್ಲೇ. ಅವನು ಏಳನೇ ಕ್ಲಾಸಿನಲ್ಲಿದ್ದಾಗ ತಂದೆ ತೀರಿಕೊಂಡರು. ಅವರ ಅಣ್ಣ ಶಿವಬಸಪ್ಪನವರು ತಾಯಿ ಮಗನನ್ನು ಇಸ್ಸಾಕ್ವಾ ಎಂಬ ಊರಿನ ಗುಡ್ಡದ ಮೇಲಿನ ತಮ್ಮ ಮನೆಗೆ ಕರೆತಂದು, ಇನ್ನು ಇವನು ನನ್ನ ಮಗ ಅಂದರು; ಹಾಗೇ ನಡೆದುಕೊಂಡರು. ಡ್ರೈವಿಂಗ್ ಕಲಿಸಿದ್ದೂ ಅವರೇ, ವರ್ಷ ವರ್ಷ ಸರ್ಕಾರಕ್ಕೆ ಕೊಡುವ ತಮ್ಮ ಆದಾಯದ ಟ್ಯಾಕ್ಸ್ ಲೆಕ್ಕದಲ್ಲಿ ಅವನನ್ನು ತಮ್ಮ ಆಶ್ರಯದಲ್ಲಿರುವವನೆಂದು ತೋರಿಸುತ್ತ ಬಂದದ್ದೂ ಅವರೇ.

೨೦೧೭ರ ಈ ಅಕ್ಟೋಬರಿನಲ್ಲಿ ವಿನಯನ ಕಾಲೇಜು ಓದಿಗೆ ಸರ್ಕಾರದ ನೆರವು ಕೇಳುವ ಅರ್ಜಿ ತುಂಬಿದರು. ತಂದೆ ಎಂಬಲ್ಲಿ ಶಿವಬಸಪ್ಪನವರು ತಮ್ಮ ಹೆಸರನ್ನೂ ತಮ್ಮ ಎಂಜಿನಿಯರ್ ಸಂಬಳವನ್ನೂ ಬರೆದರು. ಮೋಸವೇನಿಲ್ಲ, ಆ ಮನೆಯಲ್ಲಿ ದೊಡ್ಡಪ್ಪ ಎಂದರೆ ತಂದೆಯೇ. ಇಷ್ಟು ಸಂಬಳದ ಮನೆಗೆ ನೆರವಿಲ್ಲ ಎಂದು ಉತ್ತರ ಬಂತು. ಇರಲಿ, ಫೀಸು ನಾನೇ ಕಟ್ಟುತ್ತೇನೆ ಅಂದರಂತೆ.

ಚನ್ನಬಸಮ್ಮನವರಿಗೆ ಅದು ಬೇಡ. ಗಂಡನ ಆಸ್ಪತ್ರೆ ಖರ್ಚನ್ನೂ ಭಾವನೇ ನೋಡಿಕೊಂಡಿದ್ದರು, ಬರುವ ವರ್ಷ ಅವರಿಗೆ ರಿಟೈರ್‌ಮೆಂಟ್. ವಿನಯನೋ, ಹಾಗಾದರೆ ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಅನ್ನುತ್ತಿದ್ದಾನೆ. ಶಾಲೆಯ ಪಾರ್ಕಿಂಗಿನಲ್ಲಿ ಇಷ್ಟನ್ನು ಹೇಳಿಕೊಂಡರು. ಇವತ್ತು ಇಬ್ಬರೂ ವಿನಯನ ಹೈಸ್ಕೂಲಿಗೆ ಹೋಗಿ ಮುಂದಿನ ಓದಿಗೆ ಸಲಹೆ ಕೊಡುವ ಕೌನ್ಸೆಲರನ್ನು ಕೇಳಿದೆವು.

ಆಕೆ ಬಿಡಿಸಿ ಹೇಳಿದರು. ಟ್ಯಾಕ್ಸಿನ ಲೆಕ್ಕ ಬೇರೆ, ನೆರವಿನ ಲೆಕ್ಕ ಬೇರೆ. ಹುಡುಗ ಯಾರ ಮನೆಯಲ್ಲಿರಲಿ, ಟ್ಯಾಕ್ಸಿನಲ್ಲಿ ಅವನನ್ನು ಯಾರೇ ತೋರಿಸಲಿ, ಅರ್ಜಿ ಕೇಳುವುದು ಹೆತ್ತವರನ್ನು, ಇಲ್ಲವೇ ದತ್ತು ತೆಗೆದುಕೊಂಡವರನ್ನು. ದೊಡ್ಡಪ್ಪ ಟ್ಯಾಕ್ಸಿನಲ್ಲಿ ಮೊದಲಿನಂತೆಯೇ ತೋರಿಸಿಕೊಳ್ಳಲಿ, ಅರ್ಜಿಯಲ್ಲಿ ಮಾತ್ರ ತಾಯಿಯ ಸಂಬಳವೊಂದೇ ಇರಬೇಕು. ಹಾಗೆ ತಿದ್ದಿದರೆ ನೆರವು ಸಿಗುವ ಸಂಭವ ಹೆಚ್ಚು.

ಕಾರು ಹತ್ತಿದ ಮೇಲೆ, ಇವತ್ತೇ ತಿದ್ದಿಬಿಡಿ ಅಂದೆ. ಅವರು ಸೀಟ್ ಬೆಲ್ಟನ್ನು ಕೈಯಲ್ಲೇ ಹಿಡಿದು ಕೂತರು.

"ತಂದಿ ಅಂತ ಪ್ರೀತೀಲೆ ಬರದಾರ. ಅದನ್ನ ತಗೀರಿ ಅಂತ ಹೆಂಗ ಹೇಳೂದ್ರೀ?"

"ವಿನಯನೇ ಹೇಳ್ಲಿ."

"ಅಂವ ಹೇಳಿದ್ರ, ನೀವು ನಮ್ಮಪ್ಪ ಅಲ್ಲ ಅಂದಂಗ ಆಗ್ತೈತಿ."

ಇವರು ತಾವೇ ಹೇಳುವಂತಿಲ್ಲ. ಭಾವನ ಎದುರು ನಿಂತು ಮಾತಾಡುವ ರೂಢಿ ಅವರಲ್ಲಿಲ್ಲ. ಏನಿದ್ದರೂ ಶಿವಬಸಪ್ಪನವರ ಹೆಂಡತಿ ಗೌರಾದೇವಿಯವರ ಮೂಲಕ ಹೋಗಬೇಕು, ಅವರೀಗ ಮಗಳ ಬಾಣಂತನಕ್ಕೆ ಧಾರವಾಡದಲ್ಲಿದ್ದಾರೆ. ಇಂಥ ಮಾತು ಫೋನಿನಲ್ಲಿ ಕೆಡುತ್ತದೆ ಎಂಬ ಅಂಜಿಕೆ ಬೇರೆ.

"ಸ್ಕೂಲಲ್ಲಿ ಅಷ್ಟೊಂದು ಹುಡುಗ್ರನ್ನ ಗದರಿಸಿ ಲೈನಲ್ಲಿ ನಿಲ್ಲಿಸ್ತೀರ, ಮನೇಲಿ ಬಾಯೇ ಇಲ್ವಾ?" ಎಂದು ಛೇಡಿಸಿದೆ.

"ಅಲ್ಲಿ ಬಡಸಾಕಿ ನಾ. ಇಲ್ಲಿ ಉಣ್ಣಾಕಿ," ಎಂದು ನಕ್ಕರು. ಬೆಲ್ಟ್ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮನ್ನ ಮಗಳ ಸಮ ಅಂತಾರ ನಮ್ಮ ಭಾವ. ರವಿವಾರ ಬಂದು ನೀವಽ ಹೇಳ್ತೀರೇನ್ರೀ? ಟ್ಯಾಕ್ಸಿನ್ಯಾಗ ವಿನಯ ಅವರ ಕೂಡನ ಇರ್ತಾನ ಅನ್ನೂದು ಮೊದಲ ಹೇಳ್ರಿ. ಅರ್ಜಿ ಮಾತು ಆಮ್ಯಾಲೆ. ನಾ ಅಡಗಿಮನ್ಯಾಗ ಇರ್ತೀನಿ."