ಆನಿ ಸಂಗಾತಿ

ಈರಪ್ಪ ಓದಿದ್ದು ಸರಿಯಾಗಿತ್ತು. ತಪ್ಪು ಓದಿದವನು ನಾನು — ಅಲ್ಲ, ಇದೂ ಸುಳ್ಳು. ನಾನು ಸರಿಯಾಗಿಯೇ ಓದಿದೆ. ಓದಿ, ತಪ್ಪು ಹೇಳಿದೆ. ತಿಳಿದೂ ತಿಳಿದೂ ಹೇಳಿದೆ. ಒಂಬತ್ತು ವರ್ಷವಾಯಿತು, ಇದನ್ನು ನಾನು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ಕೇಳಿದವರು ನಗಬಹುದು. ಇದೊಂದು ಆಟದ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯಿಂದ ರಜೆಗೆ ಬಂದಿದ್ದ ನನ್ನ ಸೋದರಮಾವನ ಮಗ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸನ್ನು ಗೋಕಾಕದ ನಮ್ಮ ಮನೆಯಲ್ಲಿ ಬಿಟ್ಟು ಹೋದ. ಕೂತಲ್ಲೇ ಆಡುವ ಆಟ. ಒಬ್ಬ ಕಥೆ ಕಟ್ಟುತ್ತ ಹೋಗಬೇಕು — ಮುಂದೆ ಕಾಡಿದೆ, ಗುಹೆಯಲ್ಲಿ ರಾಕ್ಷಸನಿದ್ದಾನೆ ಅಂತ. ಉಳಿದವರು ತಲೆಗೊಂದು ಪಾತ್ರ ಹಿಡಿದು ತಾವೇನು ಮಾಡುತ್ತೇವೆಂದು ಹೇಳಬೇಕು. ಹೊಡೆತ ಬಿತ್ತೋ ತಪ್ಪಿತೋ ತಿಳಿಯಲು ಇಪ್ಪತ್ತು ಮುಖದ ದಾಳ ಬೇಕಂತೆ. ಅದು ಗೋಕಾಕದಲ್ಲಿ ಎಲ್ಲಿ ಸಿಗಬೇಕು? ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿ ಎತ್ತುತ್ತಿದ್ದೆವು.

ಆಡುವವರು ಮೂವರು: ನನ್ನ ಕಾಕಾನ ಮಗ ಅಜಿತ, ನಮ್ಮ ಓಣಿಯ ಶಂಕರ, ಕೌಜಲಗಿಯಿಂದ ಭಾನುವಾರದ ಬಸ್ಸಿಗೆ ಬರುತ್ತಿದ್ದ ಈರಪ್ಪ. ಆಡಿಸುವವನು ನಾನು. ನಮ್ಮ ಕಡೆ ಕಬಡ್ಡಿಯ ತೀರ್ಪುಗಾರನಿಗೆ ಪಂಚ ಅನ್ನುತ್ತಾರೆ. ನಾನು ಅಲ್ಲಿ ಪಂಚನಾದೆ. ಹಾಳೂರಿಗೆ ಉಳಿದವನೇ ಗೌಡ. ಇಂಗ್ಲಿಷ್ ಓದಲು ಬರುತ್ತಿದ್ದುದು ನನಗೊಬ್ಬನಿಗೇ, ಹಾಗಾಗಿ ನಾನು ಹೇಳಿದ್ದೇ ನಿಯಮ.

ಈರಪ್ಪ ಪಿಯುಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷೊಂದರಲ್ಲೇ ಎರಡು ಸಲ ಉಳಿದಿದ್ದ. ಅದೊಂದು ದಾಟಿದರೆ ಶಿಕ್ಷಕರ ತರಬೇತಿಗೆ ಸೇರುವವನು. ಕನ್ನಡ ಸಾಲಿ ಮಾಸ್ತರ ಆಗಬೇಕು — ಅವನಿಗೆ ಬೇರೆ ಆಸೆಯೇ ಇರಲಿಲ್ಲ. ಆಟದ ಪುಸ್ತಕದ ಹಾಳೆಗಳನ್ನು ನಾಲ್ಕು ನಾಲ್ಕಾಗಿ ಊರಿಗೆ ಒಯ್ದು, ನಿಘಂಟು ಹಿಡಿದು ಓದುತ್ತಿದ್ದ. ಹಾಳೆ ಕೊಡುತ್ತಿದ್ದವನು ನಾನೇ. ಪಠ್ಯಪುಸ್ತಕದಿಂದ ತಲೆಗೆ ಹತ್ತದ ಭಾಷೆ ರಾಕ್ಷಸರ ದೆಸೆಯಿಂದ ಹತ್ತತೊಡಗಿತ್ತು. ನನಗೂ ಮೊದಮೊದಲು ಸಂತೋಷವೇ ಆಗಿತ್ತು.

ಆಮೇಲೆ ಅವನು ನನ್ನ ತೀರ್ಪುಗಳನ್ನು ಕೆದಕಲು ಶುರುಮಾಡಿದ. ಬಿಲ್ಲಿನ ದೂರ ಅಷ್ಟಲ್ಲ, ಮಂತ್ರ ಎರಡು ಸಲ ನಡೆಯುತ್ತದೆ — ಹೀಗೆ. ಮೆಲ್ಲಗೆ, ಮರ್ಯಾದೆಯಿಂದಲೇ ಕೇಳುತ್ತಿದ್ದ. ಹತ್ತಕ್ಕೆ ಏಳು ಸಲ ಅವನದೇ ಸರಿ ಇರುತ್ತಿತ್ತು. ಅಜಿತ, ಶಂಕರ ಇಬ್ಬರೂ ನನ್ನನ್ನು ಬಿಟ್ಟು ಅವನ ಮುಖ ನೋಡತೊಡಗಿದ್ದರು. ಅದು ನನಗೆ ಸೇರಲಿಲ್ಲ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ.

ಅವತ್ತು ಗುಹೆಯಲ್ಲಿ ಈರಪ್ಪನ ಬೇಟೆಗಾರ ಬಿದ್ದ. ಎರಡು ವರ್ಷದಿಂದ ಅವನು ಬೆಳೆಸಿಕೊಂಡು ಬಂದಿದ್ದ ಪಾತ್ರ. ಬಿದ್ದವನನ್ನು ವೈದ್ಯ ಮಾತ್ರ ಎಬ್ಬಿಸಬಹುದು, ನಿಮ್ಮಲ್ಲಿ ವೈದ್ಯನಿಲ್ಲ, ಆದ್ದರಿಂದ ಸತ್ತ — ಎಂದುಬಿಟ್ಟೆ. ಪುಸ್ತಕ ನೋಡದೆ ಹೇಳಿದೆ. ಅಲ್ಲಿಯವರೆಗೆ ಅದು ಬರೀ ಮರೆವು.

ಈರಪ್ಪ ಹಾಳೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ಬ್ಯಾರೆ ಐತಲ್ಲೋ. ಯಾವ ಸಂಗಾತಿ ಬೇಕಾದರೂ ಎಬ್ಬಿಸಬಹುದು ಅಂತ ಐತಿ, ನೋಡು," ಎಂದವನೇ ಸಾಲನ್ನು ಗಟ್ಟಿಯಾಗಿ ಓದಿದ. ಅದರ ಮೊದಲ ಪದ 'ಎನಿ'. ಎ, ಎನ್, ವಾಯ್ — ಅಕ್ಷರ ಕೂಡಿಸಿ ಅವನು ಓದಿದ್ದು: "ಆನಿ."

ನಮ್ಮ ಕಡೆ ಆನಿ ಅಂದರೆ ಆನೆ. ಶಂಕರ ಕಿಸಕ್ಕನೆ ನಕ್ಕ. ನಾನು ಸಾಲು ನೋಡಿದೆ. ಯಾವ ಸಂಗಾತಿಯಾದರೂ ಎಬ್ಬಿಸಬಹುದು — ಅಚ್ಚುಕಟ್ಟಾಗಿ ಹಾಗೇ ಇತ್ತು. ಉಚ್ಚಾರ ತಪ್ಪಾಗಿತ್ತು, ಅರ್ಥ ಸರಿಯಾಗಿತ್ತು. "ಹೌದೋ, ನಂದ ತಪ್ಪು," ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು ಕೂಡ — ಆದರೆ ಆ ನಗು —

"ಹೌದಪಾ, ಆನಿ ಸಂಗಾತಿ ಇದ್ದರ ಎಬ್ಬಸಬಹುದು ಅಂತ ಐತಿ," ಎಂದೆ. "ಎಲ್ಲಿ ಐತಿ ನಿನ್ನ ಆನಿ? ಕೌಜಲಗ್ಯಾಗ ಕಟ್ಟಿ ಬಂದಿಯೇನು? ಓದಾಕ ಬರದವ ರೂಲ್ ಹೇಳಬಾರದಲೇ."

ಅಜಿತ ಬಿದ್ದು ಬಿದ್ದು ನಕ್ಕ. ಈರಪ್ಪನೂ ಸ್ವಲ್ಪ ನಕ್ಕ. ಮತ್ತೊಮ್ಮೆ ಸಾಲು ನೋಡಿದ, ನನ್ನ ಮುಖ ನೋಡಿದ. "ಪಂಚರ ಮಾತು ಖರೆ ಇರಬೇಕು ಬಿಡು," ಎಂದು ಕೈಯಲ್ಲಿದ್ದ ಚೀಟಿಯನ್ನು ಲೋಟಕ್ಕೆ ಹಾಕಿದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಮನೆಯಲ್ಲಿದ್ದ ಹಾಳೆಗಳನ್ನು ಶಂಕರನ ಕೈಯಲ್ಲಿ ಕಳಿಸಿಕೊಟ್ಟ. ತಿಂಗಳೊಪ್ಪತ್ತಿನಲ್ಲಿ ಇಂಗ್ಲಿಷ್ ಪರೀಕ್ಷೆ ಇತ್ತು. ಫೀ ಕಟ್ಟಿದ್ದರೂ ಹೋಗಿ ಕೂಡಲಿಲ್ಲ. "ಆನಿ ಅಂತ ಓದಾಂವ ಪೇಪರ್ ಏನು ಬರೀತಾನ" ಎಂದು ಶಂಕರನ ಹತ್ತಿರ ಅಂದನಂತೆ. ಶಂಕರ ಅದನ್ನು ನಗುತ್ತಲೇ ಹೇಳಿದ. ನನಗೆ ಆಗ ಏನೂ ಅನ್ನಿಸಲಿಲ್ಲ. ಅವತ್ತು ಊಟ ಸೇರಿತು, ನಿದ್ದೆಯೂ ಬಂತು. ಈಗ ನೆನೆದರೆ ಹೆಚ್ಚು ಅಂಜಿಕೆಯಾಗುವುದು ಅದಕ್ಕೇ — ಏನೂ ಅನ್ನಿಸದೇ ಇದ್ದದ್ದಕ್ಕೆ.

ನಾನು ಬಿ.ಎಡ್. ಮುಗಿಸಿ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾದೆ. ಕಲಿಸುವುದು ಇಂಗ್ಲಿಷ್. ಈರಪ್ಪ ಮೂಡಲಗಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟ. ಕೈ ಒಳ್ಳೆಯದು, ಅಂಗಡಿ ಚೆನ್ನಾಗಿ ನಡೆದಿದೆ. ಅವನನ್ನು ಕಂಡು ಮರುಗುವ ಅಗತ್ಯವಿಲ್ಲ. ನನಗೆ ಆ ಹಕ್ಕೂ ಇಲ್ಲ.

ಕಳೆದ ತಿಂಗಳು ಒಂದು ಮದುವೆಗೆ ಮೂಡಲಗಿಗೆ ಹೋದವನು ಅವನ ಅಂಗಡಿಗೆ ಹೋದೆ. ಎದ್ದು ನಿಂತ. "ಬರ್ರಿ ಸರ, ಕೂಡ್ರಿ," ಎಂದ. ಲೇ ಅನ್ನುತ್ತಿದ್ದ ಗೆಳೆಯ. ಅಷ್ಟರಲ್ಲಿ ವಯಸ್ಸಾದ ಗಿರಾಕಿಯೊಬ್ಬರು ಹೊಸ ಪಂಪಿನ ಜೊತೆ ಬಂದ ಇಂಗ್ಲಿಷ್ ಕಾಗದ ತಂದು, "ಏನು ಬರದಾರ ನೋಡಪಾ" ಎಂದರು. ಈರಪ್ಪ ಕಾಗದದ ಮೇಲೆ ಬೆರಳಾಡಿಸುತ್ತ ಹೋದ. ಐದನೆಯ ಸಾಲಿಗೆ ಬೆರಳು ನಿಂತಿತು, ತುಟಿ ಅಲುಗಿತು. ಆಮೇಲೆ ಕಾಗದವನ್ನು ನನ್ನ ಕಡೆ ಚಾಚಿದ.

"ನನಗೇನು ತಿಳೀತೈತ್ರಿ ಕಾಕಾ. ಸರ್ ಬಂದಾರ, ಅವರು ಓದತಾರ."

ಓದಿದೆ. ಬಾವಿಯಲ್ಲಿ ನೀರಿಲ್ಲದಾಗ ಚಾಲೂ ಮಾಡಬಾರದು, ಮೋಟರ್ ಸುಡುತ್ತದೆ ಎಂದಿತ್ತು. ಅವನ ಬೆರಳು ನಿಂತಿದ್ದ ಸಾಲು. ಗಿರಾಕಿ ಹೋದ ಮೇಲೆ ಈರಪ್ಪ, "ನನಗೂ ಹಂಗ ಅನಿಸಿತ್ರಿ," ಎಂದ. "ಆದರ ನನ್ನ ಓದು ನಾನ ನಂಬಂಗಿಲ್ರಿ."

ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಚಹಾ ಕುಡಿದು ಹುಕ್ಕೇರಿಯ ಬಸ್ ಹತ್ತಿದೆ.

ಬರುವ ಭಾನುವಾರ ಅಜಿತನನ್ನೂ ಶಂಕರನನ್ನೂ ಮೂಡಲಗಿಗೆ ಕರೆದಿದ್ದೇನೆ, ಯಾಕೆಂದು ಹೇಳಿಲ್ಲ. ಅವರ ಮುಂದೆ ಅಂದದ್ದನ್ನು ಅವರ ಮುಂದೆಯೇ ತಿರುಗಿ ಹೇಳಬೇಕು — ನೀನು ಸರಿಯಾಗಿ ಓದಿದ್ದೆ, ನಾನು ಸುಳ್ಳು ಹೇಳಿದೆ, ಅಂತ. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ಈರಪ್ಪ ಕೊಟ್ಟುಬಿಡುತ್ತಾನೆ. ನಾನು ಏನು ಹೇಳಿದರೂ ಅವನು ಒಪ್ಪುತ್ತಾನೆ.